ಆಂಜಿಯೋಗ್ರಾಂ ನಾರ್ಮಲ್, ಟ್ರೋಪೋನಿನ್ ಜಾಸ್ತಿ: ಕಾರ್ಡಿಯಾಕ್ ಎಂಆರ್‌ಐಗೆ ದುಡ್ಡು ಹಾಕಬಹುದೇ?

ಹಾಕಬಹುದು. ಆದರೆ ಯಾವ ಸೆಂಟರ್ ಆದರೂ ನಡೆಯುತ್ತದೆ, ಯಾವಾಗ ಮಾಡಿಸಿದರೂ ಆಗುತ್ತದೆ ಅನ್ನುವ ಸ್ಕ್ಯಾನ್ ಇದಲ್ಲ.

ಎದೆನೋವು ಬಂದು, ರಕ್ತ ಪರೀಕ್ಷೆಯಲ್ಲಿ ಟ್ರೋಪೋನಿನ್ (ಹೃದಯದ ಸ್ನಾಯುವಿನ ಪ್ರೋಟೀನ್) ಏರಿ, ಆಂಜಿಯೋಗ್ರಾಂನಲ್ಲಿ ಮಾತ್ರ 50% ಅಥವಾ ಅದಕ್ಕೂ ಮೇಲಿನ ಬ್ಲಾಕ್ ಎಲ್ಲೂ ಕಾಣದಿದ್ದರೆ ವೈದ್ಯರು ತಾತ್ಕಾಲಿಕವಾಗಿ ‘ಮಿನೋಕಾ’ (ದೊಡ್ಡ ಬ್ಲಾಕ್ ಇಲ್ಲದ ಹೃದಯಾಘಾತ) ಎಂದು ಬರೆಯುತ್ತಾರೆ. ಹೃದಯಾಘಾತಗಳಲ್ಲಿ ಸುಮಾರು 5ರಿಂದ 10% ಈ ಬಗೆಯವು. ಹೆಂಗಸರಲ್ಲಿ ಪ್ರಮಾಣ ಹೆಚ್ಚು. ಇಂಥವರನ್ನು ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಮನೆಗೆ ಕಳಿಸುವುದು ನಮ್ಮಲ್ಲಿ ಇನ್ನೂ ನಿಂತಿಲ್ಲ. ಗ್ಯಾಸ್‌ನಿಂದ ಟ್ರೋಪೋನಿನ್ ಏರುವುದಿಲ್ಲ ಸ್ವಾಮಿ. ಏರಿದೆ ಎಂದರೆ ಹೃದಯದ ಸ್ನಾಯುವಿಗೆ ಪೆಟ್ಟಾಗಿದೆ. ಕಾರಣ ಸ್ಪಷ್ಟವಿಲ್ಲದಿದ್ದರೆ ಎಂಆರ್‌ಐ ಮಾಡಿಸಬೇಕು ಎಂದು 2020ರ ಯುರೋಪಿಯನ್ ಮಾರ್ಗಸೂಚಿಯೇ ಹೇಳಿದೆ.

ಸ್ಕ್ಯಾನ್‌ಗೆ 45 ನಿಮಿಷದಿಂದ ಒಂದು ಗಂಟೆ ಹಿಡಿಯುತ್ತದೆ. ಮೊದಲು ಹೃದಯ ಬಡಿಯುವುದನ್ನು ತೋರಿಸುವ ಸಿನಿ ಚಿತ್ರ, ಆಮೇಲೆ ಸ್ನಾಯುವಿನ ಊತ ಹಿಡಿಯುವ ಟಿ2 ಚಿತ್ರ. ನಂತರ ತೂಕದ ಪ್ರತಿ ಕಿಲೋಗೆ 0.1ರಿಂದ 0.2 ಮಿಲಿಮೋಲ್ ಗ್ಯಾಡೊಲಿನಿಯಂ ಎಂಬ ಕಾಂಟ್ರಾಸ್ಟ್ ದ್ರವ ರಕ್ತನಾಳಕ್ಕೆ ಕೊಟ್ಟು, 10-20 ನಿಮಿಷ ಬಿಟ್ಟು ಕೊನೆಯ ಚಿತ್ರಗಳು. ಸತ್ತ ಜಾಗದಿಂದ ಈ ದ್ರವ ಬೇಗ ತೊಳೆದು ಹೋಗುವುದಿಲ್ಲ. ಹಾಗಾಗಿ ಅಲ್ಲಿ ಬೆಳ್ಳಗೆ ಹೊಳೆಯುತ್ತದೆ.

ಕೊಟ್ಟ ದುಡ್ಡಿಗೆ ಬೆಲೆ ಸಿಗುವುದು ಇಲ್ಲೇ. ರಕ್ತ ಸಾಲದಿದ್ದಾಗ ಮೊದಲು ಸಾಯುವುದು ಗೋಡೆಯ ಒಳಪದರ. ಬಿಳುಪು ಒಳಗಿನಿಂದ ಶುರುವಾಗಿ ಒಂದು ರಕ್ತನಾಳದ ಹರವಿಗೆ ಸರಿಹೊಂದಿದರೆ ಅದು ನಿಜವಾದ ಹೃದಯಾಘಾತ: ಹೆಪ್ಪು ಕಟ್ಟಿ ಕರಗಿರಬಹುದು, ನಾಳದ ಪದರ ಸೀಳಿರಬಹುದು. ಹೊರಪದರದಲ್ಲೋ ನಡುವಿನಲ್ಲೋ, ಅದರಲ್ಲೂ ಎಡ ಹೃತ್ಕುಕ್ಷಿಯ ಹಿಂಬದಿ-ಪಕ್ಕದ ಗೋಡೆಯಲ್ಲಿ ಬಿಳುಪಿದ್ದು ಜೊತೆಗೆ ಊತವೂ ಇದ್ದರೆ ಸಾಮಾನ್ಯವಾಗಿ ಮಯೋಕಾರ್ಡೈಟಿಸ್, ಅಂದರೆ ಹೃದಯದ ಸ್ನಾಯುವಿನ ಉರಿಯೂತ. ಹೃದಯದ ತುದಿ ಬಲೂನಿನಂತೆ ಉಬ್ಬಿ, ಊತವಿದ್ದು, ಬಿಳುಪು ಇಲ್ಲದಿದ್ದರೆ ಟಾಕೊಟ್ಸುಬೊ, ಅಂದರೆ ಹೆಚ್ಚಾಗಿ ತೀವ್ರ ಒತ್ತಡದಿಂದ ಹೃದಯ ತಾತ್ಕಾಲಿಕವಾಗಿ ಸೋಲುವುದು. ಉಬ್ಬಿದ್ದನ್ನು ಎಕೋ ಕೂಡ ತೋರಿಸುತ್ತದೆ. ಊತವೋ ಕಲೆಯೋ ಅನ್ನುವುದು ಅದರ ಕೈಗೆ ಸಿಗುವುದಿಲ್ಲ. ಔಷಧಿಯ ಚೀಟಿಯೇ ಇದರ ಮೇಲೆ ಬದಲಾಗುತ್ತದೆ. ಹೃದಯಾಘಾತ ಆದವರಿಗೆ ಆಸ್ಪಿರಿನ್, ಸ್ಟಾಟಿನ್; ಮಯೋಕಾರ್ಡೈಟಿಸ್ ಆದವರಿಗೆ ಅವುಗಳ ಬದಲು ತಿಂಗಳುಗಟ್ಟಲೆ ಜಿಮ್, ಓಟ ಬಂದ್.

ಕೆಡುವುದು ಹೆಚ್ಚಾಗಿ ತಡದಿಂದ. ಎರಡು ವಾರದೊಳಗೆ ಮಾಡಿಸಿ, ಮೊದಲ ವಾರದಲ್ಲೇ ಆದರೆ ಇನ್ನೂ ಒಳ್ಳೆಯದು. ತಿಂಗಳು ದಾಟಿದರೆ ಊತ ಇಳಿದು, ಉಬ್ಬಿದ ತುದಿಯೂ ಎಷ್ಟೋ ಸಲ ಮೊದಲಿನಂತಾಗಿ, ರಿಪೋರ್ಟ್ ‘ನಾರ್ಮಲ್’ ಎನ್ನಬಹುದು. ಚಿತ್ರಗಳನ್ನು ಇಸಿಜಿಗೆ ಹೊಂದಿಸಿ ತೆಗೆಯುವುದರಿಂದ ಬಡಿತ ತಪ್ಪುವವರಲ್ಲಿ ಅವು ಮಸುಕಾಗುತ್ತವೆ. 10-15 ಸೆಕೆಂಡ್ ಉಸಿರು ಹಿಡಿಯುವುದನ್ನು ಹಿಂದಿನ ದಿನವೇ ಅಭ್ಯಾಸ ಮಾಡಿ. 3 ಟೆಸ್ಲಾ (ಮಷೀನ್‌ನ ಅಯಸ್ಕಾಂತದ ಬಲ) ಎಂಬ ಜಾಹೀರಾತಿಗೆ ಮರುಳಾಗಬೇಡಿ: ಈ ಕೆಲಸಕ್ಕೆ 1.5 ಟೆಸ್ಲಾ ಧಾರಾಳ ಸಾಕು, ಸಿನಿ ಚಿತ್ರದಲ್ಲಿ ಕಪ್ಪು ಪಟ್ಟೆಯ ಕಾಟವೂ ಕಡಿಮೆ. ಮಷೀನ್‌ಗಿಂತ ರಿಪೋರ್ಟ್ ಬರೆಯುವವರು ಮುಖ್ಯ. ಹೃದಯದ ಎಂಆರ್‌ಐಯನ್ನು ನಿತ್ಯ ಓದುವವರು ಇದ್ದಾರೆಯೇ ಎಂದು ಬುಕ್ ಮಾಡುವಾಗಲೇ ಕೇಳಿ. ಕಾಂಟ್ರಾಸ್ಟ್‌ನ ದರ ಪ್ಯಾಕೇಜ್‌ನಲ್ಲಿ ಸೇರಿದೆಯೇ ಅಂತಲೂ.

ಹೊಸದಾಗಿ ಹಾಕಿದ ಸ್ಟೆಂಟ್ ಅಡ್ಡಿಯಲ್ಲ. ಪೇಸ್‌ಮೇಕರ್ ಇದ್ದರೆ ಅದರ ಕಾರ್ಡ್ ಒಯ್ಯಿರಿ. ಕಿಡ್ನಿಯ ಜಿಎಫ್ಆರ್ (ರಕ್ತ ಸೋಸುವ ವೇಗದ ಅಳತೆ) 30ಕ್ಕಿಂತ ಕೆಳಗಿದ್ದರೆ ಮೊದಲೇ ಹೇಳಿ.

ಮಿತಿಯೂ ಇದೆ. ರಕ್ತನಾಳದ ಒಳಗೋಡೆಯ ಬಿರುಕು ಇದರಲ್ಲಿ ಕಾಣದು. ಅದಕ್ಕೆ ಆಂಜಿಯೋಗ್ರಾಂ ಹೊತ್ತಿನಲ್ಲೇ ಓಸಿಟಿ (ನಾಳದೊಳಗಿನಿಂದ ಬೆಳಕಿನಿಂದ ತೆಗೆಯುವ ಚಿತ್ರ) ಮಾಡಬೇಕು. ಮಿನೋಕಾ ಆದ 145 ಹೆಂಗಸರ ಹಾರ್ಪ್ ಅಧ್ಯಯನದಲ್ಲಿ ಎಂಆರ್‌ಐ ಆದವರ ಪೈಕಿ ಸುಮಾರು 74% ಮಂದಿಯಲ್ಲಿ ಏನಾದರೂ ಅಸಹಜತೆ ಕಂಡಿತು; ಓಸಿಟಿಯನ್ನೂ ಸೇರಿಸಿದಾಗ ಸುಮಾರು 85% ಮಂದಿಗೆ ಕಾರಣ ಸಿಕ್ಕಿತು. ಸ್ಕ್ಯಾನ್ ನಾರ್ಮಲ್ ಬಂದರೂ ಸಣ್ಣ ಆಘಾತ ಆಗಿರಬಹುದು, ನಾಳ ಸೆಟೆದಿರಬಹುದು. ಔಷಧಿ ನಿಲ್ಲಿಸುವ ತೀರ್ಮಾನ ವೈದ್ಯರದ್ದು, ಆ ಹಾಳೆಯದ್ದಲ್ಲ.

ಹೊರಡುವ ಮುನ್ನ ಸಿಡಿ ಕೇಳಿ ಪಡೆಯಿರಿ. ಫಿಲ್ಮ್ ಶೀಟ್‌ನಲ್ಲಿ ಹೃದಯದ ಚಲನೆ ಕಾಣುವುದಿಲ್ಲ. ಎರಡನೇ ಅಭಿಪ್ರಾಯ ಕೊಡುವವರು ಮೊದಲು ಕೇಳುವುದೇ ಅದನ್ನು.