ತಗ್ಗಿಸಿದ ಎಸ್‌ಯುವಿಗೆ ಗಿಡ್ಡ ಶಾಕ್: ಕೆಲವು ವರ್ಷ ಓಡಿಸಿದ ಮೇಲೆ

ಮೊದಲಿನ ಎತ್ತರಕ್ಕಿಂತ ತಗ್ಗಿಸಿದ ಗಾಡಿಗೆ ಶಾಕ್ (ಕುಲುಕಾಟ ತಡೆಯುವ ಶಾಕ್ ಅಬ್ಸಾರ್ಬರ್) ಆರಿಸುವಾಗ ಮೊದಲು ನೋಡಬೇಕಾದದ್ದು ಅದರ ಉದ್ದ. ಬ್ರ್ಯಾಂಡು, ಗಟ್ಟಿತನ ಎಲ್ಲ ಆಮೇಲೆ. ನನ್ನ ಎಸ್‌ಯುವಿ ಮುಂದೆ 2 ಇಂಚು, ಹಿಂದೆ 3 ಇಂಚು ತಗ್ಗಿದೆ. ಮುಂದೆ ಸ್ಟ್ರಟ್ ಇದೆ, ಅಂದರೆ ಸ್ಪ್ರಿಂಗ್ ಮತ್ತು ಶಾಕ್ ಒಂದೇ ಜೋಡಣೆಯಲ್ಲಿರುವ ಭಾಗ. ಹಿಂದೆ ಒಂದೇ ತುಂಡಿನ ಆಕ್ಸಲ್, ಕಾಯಿಲ್ ಸ್ಪ್ರಿಂಗ್, ಶಾಕ್ ಬೇರೆ. ತಗ್ಗಿಸಿದ ಗಾಡಿಗೆಂದೇ ಮಾಡಿದ ಸೆಟ್ ಹಾಕಿಸಿ ಕೆಲವು ವರ್ಷಗಳಾದವು. ನನಗೆ ತುಂಬಾ ತೃಪ್ತಿ ಇದೆ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಗಾಡಿ ನನ್ನ ಕೈಗೆ ಬಂದಾಗ ಸ್ಪ್ರಿಂಗ್ ಮಾತ್ರ ಬದಲಾಗಿತ್ತು, ಶಾಕ್ ಮೊದಲಿನದೇ ಇತ್ತು. ಸಣ್ಣ ಹಂಪ್ ದಾಟಿದರೂ ಹಿಂದೆ ದಡ್ ಅಂತ ಸದ್ದು. ಶಾಕ್ ಮೆತ್ತಗಾಗಿದೆ, ಗಟ್ಟಿಯಾದದ್ದು ಹಾಕಿಸಿ ಅಂತ ಹಲವರು ಹೇಳಿದರು. ಆದರೆ ತೊಂದರೆ ಇದ್ದದ್ದು ಜಾಗದಲ್ಲಿ. ಒಂದು ಶಾಕ್‌ನ ರಾಡ್ ಒಟ್ಟು 8 ಇಂಚು ಓಡಾಡುತ್ತದೆ ಅಂದುಕೊಳ್ಳಿ. ಗಾಡಿ ಸುಮ್ನೆ ನಿಂತಿರುವಾಗ ರಾಡ್‌ನ ತುದಿಯ ಪಿಸ್ಟನ್ ಮಧ್ಯದಲ್ಲಿದ್ದರೆ ಕುಗ್ಗಲು 4, ಹಿಗ್ಗಲು 4 ಇಂಚು ಸಿಗುತ್ತದೆ. ಗಾಡಿಯನ್ನು 3 ಇಂಚು ತಗ್ಗಿಸಿ ಅದೇ ಶಾಕ್ ಬಿಟ್ಟರೆ ಕುಗ್ಗಲು ಉಳಿಯುವುದು ಹೆಚ್ಚುಕಡಿಮೆ 1 ಇಂಚು ಅಷ್ಟೇ. ಶಾಕ್ ಓರೆಯಾಗಿ ಕೂತಿದ್ದರೆ ಲೆಕ್ಕ ಸ್ವಲ್ಪ ಬದಲಾಗುತ್ತದೆ, ಆದರೆ ತೊಂದರೆ ಅದೇ. ಪ್ರತಿ ಗುಂಡಿಗೂ ಗಾಡಿ ಬಂಪ್ ಸ್ಟಾಪ್ (ಕೊನೆಯಲ್ಲಿ ಬಡಿತ ತಡೆಯುವ ರಬ್ಬರ್ ತುಂಡು) ಮೇಲೆ ಕೂರುತ್ತದೆ. ಬಂಪ್ ಸ್ಟಾಪ್ ಸವೆದಿದ್ದರೆ ಪಿಸ್ಟನ್ ತಳಕ್ಕೇ ಬಡಿದು ಒಳಗಿನ ವಾಲ್ವ್ ಹಾಳಾಗುತ್ತದೆ. ಇಂಥ ಕಡೆ ಬರೀ ಗಟ್ಟಿಯಾದ ಶಾಕ್ ಹಾಕಿಸಿದರೆ ಜಾಗ ಹೆಚ್ಚುವುದಿಲ್ಲ. ಬೆನ್ನು ನೋವು ಮಾತ್ರ ಹೆಚ್ಚುತ್ತದೆ.

ನಿಮ್ಮ ಗಾಡಿಯಲ್ಲಿ ಎಷ್ಟು ಜಾಗ ಉಳಿದಿದೆ ಅಂತ ನೀವೇ ನೋಡಬಹುದು. ರಾಡ್ ಕಾಣುವಂತಿದ್ದರೆ ಅದಕ್ಕೊಂದು ಪ್ಲಾಸ್ಟಿಕ್ ಕೇಬಲ್ ಟೈ ಕಟ್ಟಿ, ಶಾಕ್‌ನ ಮೈಗೆ ತಾಗುವಂತೆ ಸರಿಸಿಡಿ. ದಿನಾ ಹೋಗುವ ದಾರಿಯಲ್ಲೇ ಓಡಿಸಿ ಬನ್ನಿ. ಶಾಕ್ ಕುಗ್ಗಿದಷ್ಟೂ ಟೈ ಮೇಲಕ್ಕೆ ಸರಿದು ಅಲ್ಲೇ ನಿಂತಿರುತ್ತದೆ. ಅದು ಬಂಪ್ ಸ್ಟಾಪ್‌ವರೆಗೂ ಹೋಗಿದ್ದರೆ ಗಿಡ್ಡ ಶಾಕ್ ಬೇಕಾಗಬಹುದು ಅಂತ ಅರ್ಥ.

ಗಿಡ್ಡ ಶಾಕ್‌ನಿಂದ ಇನ್ನೊಂದು ಲಾಭವಿದೆ, ಇದನ್ನು ಯಾರೂ ಜಾಸ್ತಿ ಹೇಳುವುದಿಲ್ಲ. ತಗ್ಗಿಸುವ ಸ್ಪ್ರಿಂಗ್ ಸಾಮಾನ್ಯವಾಗಿ ಉದ್ದದಲ್ಲೂ ಕಡಿಮೆ. ಶಾಕ್ ಹಳೆಯ ಉದ್ದದ್ದೇ ಆಗಿದ್ದರೆ, ಚಕ್ರ ಪೂರ್ತಿ ಕೆಳಗೆ ಇಳಿದಾಗ ಸ್ಪ್ರಿಂಗ್ ತನ್ನ ಜಾಗದಲ್ಲಿ ಸಡಿಲವಾಗುತ್ತದೆ. ಸರಿದು ಕೂರಲೂಬಹುದು. ಗಿಡ್ಡ ಶಾಕ್ ಆಕ್ಸಲ್ಲನ್ನು ಅಷ್ಟು ಕೆಳಗೆ ಬಿಡುವುದೇ ಇಲ್ಲ. ಹಾಗಾಗಿ ಕೊಳ್ಳುವ ಮುಂಚೆ ಪೂರ್ತಿ ಕುಗ್ಗಿದಾಗಿನ ಉದ್ದ, ಪೂರ್ತಿ ಹಿಗ್ಗಿದಾಗಿನ ಉದ್ದ ಎರಡನ್ನೂ ಕೇಳಿ.

ಮುಂದಿನ ಸ್ಟ್ರಟ್ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಶಾಕ್ ಬರೀ ಕುಲುಕಾಟ ತಡೆಯುತ್ತದೆ. ಸ್ಟ್ರಟ್ ಗಾಡಿಯ ಭಾರ ಹೊರುತ್ತದೆ, ಸ್ಟೇರಿಂಗ್ ಜೊತೆ ತಿರುಗುತ್ತದೆ, ಚಕ್ರವನ್ನು ನೆಟ್ಟಗೆ ಹಿಡಿದಿರುತ್ತದೆ. ಕೆಲವು ಸ್ಟ್ರಟ್‌ಗಳಲ್ಲಿ ಸ್ಪ್ರಿಂಗ್ ಕೂರುವ ತಟ್ಟೆಯೇ ಕೆಳಗಿರುತ್ತದೆ, ಹಳೆಯ ಸ್ಪ್ರಿಂಗ್ ಇಟ್ಟರೂ ಗಾಡಿ ತಗ್ಗುತ್ತದೆ. ಇದಕ್ಕೆ ತಗ್ಗಿಸುವ ಸ್ಪ್ರಿಂಗನ್ನೂ ಸೇರಿಸಿದರೆ ಎರಡೂ ಕೂಡಿ ಲೆಕ್ಕಕ್ಕಿಂತ ಕೆಳಗೆ ಹೋಗುತ್ತದೆ. ಹೆಸರು ನೋಡಿ ಕೊಳ್ಳುವವರಿಗೂ ಒಂದು ಮಾತು. ಬಿಲ್‌ಸ್ಟೈನ್ 5100 ಒಳ್ಳೆಯ ಶಾಕ್, ಆದರೆ ಅದು ಗಾಡಿ ಎತ್ತರಿಸುವವರಿಗೆ. ಅದೇ ಕಂಪನಿಯ 4600 ಮೊದಲಿನ ಎತ್ತರದಲ್ಲೇ ಇರುವ ಗಾಡಿಗೆ. ಎರಡೂ ನನ್ನಂಥವರಿಗಲ್ಲ.

ಪಿಕಪ್ ಇರುವವರು ಮೊದಲು ಗಾಡಿ ಹೇಗೆ ತಗ್ಗಿದೆ ಅಂತ ನೋಡಿ. ಮುಂದೆ ಡ್ರಾಪ್ ಸ್ಪಿಂಡಲ್ (ಚಕ್ರ ಕೂರುವ ಭಾಗದ ಬದಲಿ) ಹಾಕಿದ್ದರೆ ಚಕ್ರದ ಜಾಗ ಮಾತ್ರ ಮೇಲೆ ಹೋಗಿರುತ್ತದೆ, ಸ್ಪ್ರಿಂಗ್ ಮತ್ತು ಶಾಕ್ ಇದ್ದಲ್ಲೇ ಇರುತ್ತವೆ. ಅಲ್ಲಿ ಮಾಮೂಲಿ ಉದ್ದದ ಶಾಕ್ ಸಾಕಾಗುವುದೇ ಹೆಚ್ಚು. ಹಿಂದೆ ಆಕ್ಸಲ್ಲನ್ನು ಲೀಫ್ ಸ್ಪ್ರಿಂಗ್‌ನ (ಲೋಹದ ಪಟ್ಟಿಗಳ ಸ್ಪ್ರಿಂಗ್) ಮೇಲಕ್ಕೆ ತಂದಿದ್ದರೆ ಕತೆ ಬೇರೆ. ಅಲ್ಲಿ ಗಿಡ್ಡ ಶಾಕ್ ಬೇಕೇ ಬೇಕು. ಆಕ್ಸಲ್ ಬಡಿಯದಂತೆ ಫ್ರೇಮ್‌ನಲ್ಲೂ ಜಾಗ ಮಾಡಿಸಬೇಕಾಗುತ್ತದೆ.

ನಾನು ಹಿಂದೆ ಹಾಕಿಸಿದ್ದು ಮೊನೊಟ್ಯೂಬ್ (ಒಂದೇ ಕೊಳವೆಯ) ಗ್ಯಾಸ್ ಶಾಕ್. ಇದರಲ್ಲಿ ಎಣ್ಣೆ ಮತ್ತು ನೈಟ್ರೋಜನ್ ನಡುವೆ ತೇಲುವ ಪಿಸ್ಟನ್ ಇರುತ್ತದೆ, ಹಾಗಾಗಿ ಎರಡೂ ಬೆರೆತು ನೊರೆ ಬರುವುದಿಲ್ಲ. ಉದ್ದದ ಕೆಟ್ಟ ರಸ್ತೆಯಲ್ಲಿ ಗೊತ್ತಾಗುತ್ತದೆ: ಶುರುವಿನಲ್ಲಿದ್ದ ಹಿಡಿತ ಕೊನೆಯವರೆಗೂ ಇರುತ್ತದೆ. ಗ್ಯಾಸ್ ಒತ್ತಡಕ್ಕೆ ಗಾಡಿಯ ಹಿಂಭಾಗ ಒಂಚೂರು ಮೇಲೆದ್ದಿತು, ಅದು ಸಹಜ. ಸದ್ದು ಹಾಕಿಸಿದ ದಿನವೇ ಹೋಯಿತು, ಮತ್ತೆ ಬಂದಿಲ್ಲ. ರಾಡ್ ಬಳಿ ಸ್ವಲ್ಪ ಎಣ್ಣೆಯ ಪಸೆ ಕಾಣುತ್ತದೆ. ಅಷ್ಟಕ್ಕೆ ಗಾಬರಿ ಬೇಡ. ಮೈಮೇಲೆ ಹರಿದು ತೊಟ್ಟಿಕ್ಕಿದರೆ ಮಾತ್ರ ಬದಲಿಸಬೇಕು, ಅದೂ ಒಂದೇ ಆಕ್ಸಲ್‌ನ ಎರಡೂ ಕಡೆ.

ಮೆಕ್ಯಾನಿಕ್‌ಗೆ ಮೂರು ವಿಷಯ ಮೊದಲೇ ಹೇಳಿ. ರಾಡನ್ನು ಪ್ಲೈಯರ್‌ನಲ್ಲಿ ಹಿಡಿಯಬಾರದು, ಒಂದು ಗೀರು ಬಿದ್ದರೂ ಸೀಲ್ ಹೋಗುತ್ತದೆ. ರಬ್ಬರ್ ಬುಷ್‌ಗಳ ಬೋಲ್ಟನ್ನು ಗಾಡಿ ಚಕ್ರದ ಮೇಲೆ ನಿಂತಿರುವಾಗಲೇ ಪೂರ್ತಿ ಬಿಗಿಯಬೇಕು. ಜಾಕ್ ಮೇಲೆ ತೂಗಾಡುತ್ತಿರುವಾಗ ಬಿಗಿದರೆ ಕೆಳಗಿಳಿಸಿದ ತಕ್ಷಣ ಬುಷ್ ತಿರುಚಿಕೊಂಡು ಬೇಗ ಹರಿಯುತ್ತದೆ. ಕೊನೆಗೆ ಅಲೈನ್‌ಮೆಂಟ್. ಗಾಡಿ ತಗ್ಗಿದಾಗ ಕ್ಯಾಂಬರ್ (ಚಕ್ರ ಒಳಗೆ ಅಥವಾ ಹೊರಗೆ ವಾಲಿರುವುದು), ಟೋ (ಚಕ್ರದ ಮುಂಭಾಗ ಒಳಗೆ ಅಥವಾ ಹೊರಗೆ ತಿರುಗಿರುವುದು) ಎರಡೂ ಬದಲಾಗುತ್ತವೆ, ಹಾಗೇ ಬಿಟ್ಟರೆ ಟೈರ್ ಒಂದು ಅಂಚಿನಲ್ಲಿ ಸವೆಯುತ್ತದೆ.

ಒಂದು ಕೊರತೆ ಇದೆ. ಮನೆಮಂದಿಯೆಲ್ಲ ಕೂತು ಸಾಮಾನು ತುಂಬಿದರೆ ಹಿಂಭಾಗ ಬಂಪ್ ಸ್ಟಾಪ್ ಹತ್ತಿರ ಬಂದೇ ಬರುತ್ತದೆ. ಭಾರ ಹೊರುವುದು ಶಾಕ್‌ನ ಕೆಲಸವಲ್ಲ ಅಲ್ವಾ? ಮೇಲಾಗಿ ಭಾರ ಇದ್ದಾಗ ರಿಬೌಂಡ್ (ಶಾಕ್ ಮತ್ತೆ ಹಿಗ್ಗುವಾಗಿನ ತಡೆ) ಇನ್ನೂ ಸ್ವಲ್ಪ ಬಿಗಿ ಇರಬೇಕಿತ್ತು ಅನಿಸುತ್ತದೆ. ಖಾಲಿ ಓಡಿಸುವಾಗ ಈಗಿರುವುದೇ ಹಿತ. ಈ ಸೆಟ್ ಸವೆದ ಮೇಲೆ ಅದೇ ಉದ್ದದಲ್ಲಿ, ರಿಬೌಂಡ್ ಹೊಂದಿಸಿಕೊಳ್ಳಬಹುದಾದ ಶಾಕ್ ಸಿಕ್ಕರೆ ಹಿಂದಕ್ಕೆ ಅದನ್ನೇ ಹಾಕಿಸುತ್ತೇನೆ. ಮುಂದಕ್ಕೆ ಮತ್ತೆ ಇದೇ ಸ್ಟ್ರಟ್.