ಡ್ರಿಲ್‌ಗೆ ಸಿಕ್ಕಿಸುವ ಫೋಮ್ ಕೋನ್: ಬಳ್ಳಾರಿ ಧೂಳಿಗೆ ಇದು ತಡೆಯುತ್ತದೆಯೇ?

ತೀರ್ಪು ಮೊದಲೇ ಹೇಳಿಬಿಡುತ್ತೇನೆ, ಪುರುಸೊತ್ತಿಲ್ಲದವರಿಗೆ ಇಷ್ಟೇ ಸಾಕು. ಡ್ರಿಲ್‌ಗೆ ಸಿಕ್ಕಿಸಿ ಕಾರಿನ ಚಕ್ರಗಳಿಗೆ ಹೊಳಪು ಕೊಡುವ ನಾಲ್ಕು ತುಂಡಿನ ಈ ಫೋಮ್ ಪಾಲಿಶಿಂಗ್ ಸೆಟ್‌ನಲ್ಲಿ ಕೋನ್‌ಗೆ ಕೊಟ್ಟ ದುಡ್ಡು ಸಾರ್ಥಕ. ಚೆಂಡು ಒಳ್ಳೆಯದೇ. ಅಣಬೆ ಆಕಾರದ್ದು ಅಷ್ಟಕ್ಕಷ್ಟೇ. ಚಪ್ಪಟೆ ಡಿಸ್ಕ್ ಮಾತ್ರ ಯಾರಿಗೂ ಬೇಡ. ಆನ್‌ಲೈನ್‌ನಲ್ಲಿ 850 ರೂಪಾಯಿಗೆ ತರಿಸಿದ್ದು. ಪೆಟ್ಟಿಗೆಯ ಮೇಲೆ ಗುರುತು ಸಿಗುವಂಥ ಕಂಪನಿಯ ಹೆಸರಿಲ್ಲ. ಇದೇ ರೀತಿಯ ಹತ್ತಾರು ಸೆಟ್ ಬೇರೆ ಬೇರೆ ಬಣ್ಣದಲ್ಲಿ ಸಿಗುತ್ತವೆ. ಮದರ್ಸ್ ಪವರ್‌ಬಾಲ್‌ನಂಥ ಅಮೆರಿಕದ ಸರಕು ಹುಡುಕಿದರೆ ಸಿಕ್ಕೀತು, ಬೆಲೆ ಮಾತ್ರ ಇದಕ್ಕಿಂತ ಎಷ್ಟೋ ಪಾಲು ಜಾಸ್ತಿ.

ನಾನು ಬಳ್ಳಾರಿಯ ಪಾರ್ವತಿ ನಗರದವಳು. ಸಂಡೂರು ಕಡೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಕುಡತಿನಿ, ತೋರಣಗಲ್ಲು ದಾಟಿ ದಿನಾ ಹೋಗಿಬರಬೇಕು. ಆ ದಾರಿ ಬಲ್ಲವರಿಗೆ ಹೆಚ್ಚು ಹೇಳಬೇಕಿಲ್ಲ. ಕುಡತಿನಿಯಲ್ಲಿ ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರ, ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ, ಅದರಾಚೆ ಅದಿರಿನ ಬೆಟ್ಟಗಳು. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದ ಮೇಲೆ ಕೆಲ ಕಾಲ ರಸ್ತೆ ಉಸಿರಾಡಿತ್ತು. ಈಗ ಮತ್ತೆ ಲಾರಿಗಳ ಸಾಲು. ಮನೆ ಸೇರುವ ಹೊತ್ತಿಗೆ ಬಿಳಿ ಕಾರಿನ ಕೆಳಗಿನ ಅರ್ಧ ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತದೆ, ಚಕ್ರಗಳಂತೂ ಕೇಳುವುದೇ ಬೇಡ.

ನನ್ನದು ಸೆಕೆಂಡ್ ಹ್ಯಾಂಡ್ ಹ್ಯಾಚ್‌ಬ್ಯಾಕ್. ಹಿಂದಿನ ಮಾಲೀಕರು ಹೊರಗಿನಿಂದ ತಂದು ಹಾಕಿಸಿದ ಅಲಾಯ್ ವೀಲ್‌ಗಳಿವೆ, ಅಂಚು ಮತ್ತು ಸ್ಪೋಕ್‌ಗಳ ಮುಖ ಬರಿಯ ಅಲ್ಯೂಮಿನಿಯಂ, ಮೇಲೆ ಯಾವ ಲೇಪವೂ ಇಲ್ಲ. ಜೊತೆಗೆ ತಮ್ಮನ ಹೊಸ ಕಾರಿನ ಡೈಮಂಡ್ ಕಟ್ ವೀಲ್‌ಗಳ ಮೇಲೂ ಈ ಸೆಟ್ ಪ್ರಯೋಗಿಸಿದ್ದೇನೆ. ಎರಡೂ ಬೇರೆಯೇ ಕಥೆ, ಕೊಳ್ಳುವ ಮೊದಲು ಈ ವ್ಯತ್ಯಾಸ ತಿಳಿದಿರಲೇಬೇಕು.

ಡೈಮಂಡ್ ಕಟ್ ಎಂದರೆ ಲೇತ್ ಮಷಿನ್ನಿನಲ್ಲಿ ಮುಖವನ್ನು ತೆಳುವಾಗಿ ಕೊರೆದು, ಹೊಳೆಯುವ ಲೋಹದ ಮೇಲೆ ಪಾರದರ್ಶಕ ಲ್ಯಾಕರ್ ಬಳಿದ ವೀಲ್. ಕೈಗೆ ಸಿಗುವುದು ಲ್ಯಾಕರ್, ಲೋಹ ಅದರ ಅಡಿಯಲ್ಲಿರುತ್ತದೆ. ಇದಕ್ಕೆ ಮೆಟಲ್ ಪಾಲಿಶ್ ಹಚ್ಚಿ ಡ್ರಿಲ್ ಓಡಿಸಿದರೆ ಲ್ಯಾಕರ್ ಮಂಕಾಗುತ್ತದೆ, ಅಂಚುಗಳಲ್ಲಿ ಸವೆದೂ ಹೋಗುತ್ತದೆ. ಅಲ್ಲಿಂದ ನೀರು ಒಳಗೆ ಇಳಿದರೆ ಬಿಳಿ ಗೆರೆಗಳು ಹಬ್ಬುತ್ತವೆ, ಆಮೇಲೆ ಮತ್ತೆ ಲೇತ್‌ಗೆ ಹಾಕಿಸುವುದೊಂದೇ ದಾರಿ. ಇಂಥ ವೀಲ್‌ಗೆ ಕಾರಿನ ಪೇಂಟ್‌ಗೆ ಬಳಸುವ ಫಿನಿಶಿಂಗ್ ಪಾಲಿಶ್, ಮೆತ್ತನೆಯ ಫೋಮ್, ತೀರ ನಿಧಾನದ ವೇಗ, ಇಷ್ಟೇ. ನಿಮ್ಮದು ಯಾವ ವೀಲ್ ಎಂದು ಗೊತ್ತಾಗದಿದ್ದರೆ ಕಣ್ಣಿಗೆ ಬೀಳದ ಮೂಲೆಯಲ್ಲಿ ಬಿಳಿ ಬಟ್ಟೆಗೆ ಚೂರು ಮೆಟಲ್ ಪಾಲಿಶ್ ಹಚ್ಚಿ ಉಜ್ಜಿ ನೋಡಿ. ಬಟ್ಟೆ ಕಪ್ಪಾದರೆ ಬರಿಯ ಲೋಹ. ಆ ಕಪ್ಪು ಕೊಳೆಯಲ್ಲ, ಅಲ್ಯೂಮಿನಿಯಂನ ಅತಿ ಸೂಕ್ಷ್ಮ ಪುಡಿ. ಬಟ್ಟೆ ಬೆಳ್ಳಗೇ ಉಳಿದರೆ ಲ್ಯಾಕರ್ ಇದೆ, ಮೆಟಲ್ ಪಾಲಿಶ್ ಮುಚ್ಚಿಡಿ.

ಈಗ ತೊಳೆಯುವ ವಿಷಯ. ಈ ಸೆಟ್ ಕೊಂಡು ಕೈ ಸುಟ್ಟುಕೊಂಡೆವು ಎನ್ನುವ ನಮ್ಮೂರಿನವರಿಗೆ ನಾನು ಮೊದಲು ಕೇಳುವುದು, ಪಾಲಿಶ್‌ಗೂ ಮುಂಚೆ ಹೇಗೆ ತೊಳೆದಿರಿ ಎಂದು. ನಮ್ಮ ಕೆಂಪು ಧೂಳು ಹೊಲದ ಮಣ್ಣಿನಂಥದ್ದಲ್ಲ, ಅದರಲ್ಲಿ ಹೆಮಟೈಟ್ ಎಂಬ ಕಬ್ಬಿಣದ ಅದಿರು ಇದೆ. ಮೋಸ್ ಮಾಪಕದಲ್ಲಿ ಹೆಮಟೈಟ್‌ನ ಗಡಸುತನ 5.5ರಿಂದ 6.5, ಶುದ್ಧ ಅಲ್ಯೂಮಿನಿಯಂನದು 3ಕ್ಕೂ ಕಡಿಮೆ. ಕುಡತಿನಿ ಕಡೆಯಿಂದ ಗಾಳಿಗೆ ಬರುವ ಹಾರುಬೂದಿಯಲ್ಲಿ ಸಿಲಿಕಾ, ಅಲ್ಯೂಮಿನಾಗಳೇ ಹೆಚ್ಚು, ಅವೂ ಲೋಹವನ್ನು ಗೀರುತ್ತವೆ. ಒಂದು ಹರಳು ಫೋಮ್‌ನ ರಂಧ್ರದಲ್ಲಿ ಕೂತರೆ ಡ್ರಿಲ್ ಅದನ್ನೇ ಸಾವಿರ ಸಲ ಸುತ್ತಿಸಿ ವೃತ್ತಾಕಾರದ ಗೀರುಗಳನ್ನು ಬರೆದಿಡುತ್ತದೆ. ಆಗ ಬೈಸಿಕೊಳ್ಳುವುದು ಪಾಪ ಫೋಮ್.

ಆದ್ದರಿಂದ ಮೊದಲು ಏನೂ ಮುಟ್ಟದೆ ಬರೀ ನೀರಿನ ರಭಸದಿಂದ ಧೂಳು ಇಳಿಸಬೇಕು. ಸ್ಪೋಕ್‌ಗಳ ಹಿಂಬದಿ, ನಟ್‌ಗಳ ಗುಂಡಿ, ವಾಲ್ವ್‌ನ ಬುಡ, ಎಲ್ಲ ಕಡೆ. ಆಮೇಲೆ ಕಾರ್ ಶಾಂಪೂ, ಎರಡು ಬಕೆಟ್: ಒಂದರಲ್ಲಿ ನೊರೆ, ಇನ್ನೊಂದರಲ್ಲಿ ಬ್ರಷ್ ಜಾಲಿಸಲು ಬರೀ ನೀರು. ಜಾಲಿಸುವ ಬಕೆಟ್‌ನ ತಳದಲ್ಲಿ ಕೂರುವ ಕೆಂಪು ಗಸಿಯನ್ನು ಒಮ್ಮೆ ಬೆರಳಲ್ಲಿ ತಿಕ್ಕಿ ನೋಡಿ, ನಾನು ಯಾಕಿಷ್ಟು ಹೇಳುತ್ತಿದ್ದೇನೆ ಎಂದು ತಿಳಿಯುತ್ತದೆ. ಕೊನೆಗೆ ಐರನ್ ರಿಮೂವರ್. ಬ್ರೇಕ್ ಹಾಕಿದಾಗಲೆಲ್ಲ ಡಿಸ್ಕ್ ಮತ್ತು ಪ್ಯಾಡ್ ಸವೆದು ಬಿಸಿ ಕಬ್ಬಿಣದ ಕಣಗಳು ವೀಲ್‌ಗೆ ಅಂಟುತ್ತವೆ, ಅವು ಶಾಂಪೂಗೆ ಜಗ್ಗುವುದಿಲ್ಲ. ಈ ದ್ರವದಲ್ಲಿರುವ ಥಯೋಗ್ಲೈಕೋಲೇಟ್ ಎಂಬ ರಾಸಾಯನಿಕ ಕಬ್ಬಿಣದ ಜೊತೆ ಸೇರಿ ನೇರಳೆ ಬಣ್ಣಕ್ಕೆ ತಿರುಗುತ್ತದೆ. ವಾಸನೆ ಕೊಳೆತ ಮೊಟ್ಟೆಯದು. ಅಂಗಳದಲ್ಲಿ ನೇರಳೆ ನೀರು ಹರಿಯುವುದನ್ನು ನೋಡಿ ಪಕ್ಕದ ಮನೆಯ ಮಕ್ಕಳು ಓಡಿಬಂದರು, ಅವರಿಗೆ ಅಲ್ಲೇ ಒಂದು ಪಾಠ ಆಯಿತು. ಒಣಗಲು ಬಿಡದೆ ತೊಳೆಯಬೇಕು.

ಆಸಿಡ್ ಬೇಡ. ಬಟ್ಟೆ ಸೋಡಾನೂ ಬೇಡ. ಅಲ್ಯೂಮಿನಿಯಂ ಆಮ್ಲಕ್ಕೂ ಕರಗುತ್ತದೆ, ಕ್ಷಾರಕ್ಕೂ ಕರಗುತ್ತದೆ, ಹತ್ತನೇ ತರಗತಿಯ ಮಕ್ಕಳಿಗೆ ಇದನ್ನು ಪ್ರಯೋಗ ಮಾಡಿಯೇ ತೋರಿಸುತ್ತೇನೆ. ಹಿತ್ತಾಳೆ ದೀಪಕ್ಕೆ ಹುಣಸೆಹಣ್ಣು ಹಚ್ಚುವ ಹಾಗೆ ಇದಕ್ಕೂ ಹಚ್ಚಿ ಎಂದು ಸಲಹೆ ಕೊಟ್ಟವರಿದ್ದಾರೆ, ದಯವಿಟ್ಟು ಮಾಡಬೇಡಿ.

ಬೋರ್‌ವೆಲ್ ನೀರು ಗಡಸಾದ್ದರಿಂದ ಬಿಸಿಲಲ್ಲಿ ಆರಿದರೆ ಸುಣ್ಣದ ಕಲೆ ನಿಲ್ಲುತ್ತದೆ. ನೆರಳಲ್ಲೇ ತೊಳೆಯಿರಿ, ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ. ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ ಎಂಟರೊಳಗೆ ಮುಗಿಸಿದರೆ ಒಳ್ಳೆಯದು. 40 ಡಿಗ್ರಿಯಲ್ಲಿ ಪಾಲಿಶ್ ಪೇಸ್ಟ್ ವೀಲ್ ಮೇಲೆಯೇ ಒಣಗಿ ಹಕ್ಕಳೆ ಕಟ್ಟುತ್ತದೆ. ಓಡಿಸಿ ಬಂದ ಬಿಸಿ ವೀಲ್‌ಗೂ ಇದೇ ಮಾತು.

ಡ್ರಿಲ್ ಅಪ್ಪನದು, ಅದರ ಚಕ್ (ಕಡ್ಡಿ ಹಿಡಿಯುವ ಬಾಯಿ) 13 ಎಂಎಂನದು. ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು ಅವರು, ಕುರ್ಚಿ ಹಾಕಿಕೊಂಡು ಕೂತು ನೋಡುತ್ತಿದ್ದರು. "ಒತ್ತಬ್ಯಾಡವ್ವ, ಮಷಿನ್ನು ತಾನೇ ಮಾಡ್ತೈತಿ" ಎಂದರು. ಅದೊಂದು ಮಾತು ಪೆಟ್ಟಿಗೆಯೊಳಗಿನ ಸೂಚನೆ ಚೀಟಿಗಿಂತ ಉಪಯೋಗಕ್ಕೆ ಬಂತು. ಪೂರ್ತಿ ವೇಗದಲ್ಲಿ ನಿಮಿಷಕ್ಕೆ 2800 ಸುತ್ತು ಎಂದು ಡ್ರಿಲ್ ಮೇಲೆ ಬರೆದಿದೆ, ಅಷ್ಟು ಬೇಕಿಲ್ಲ. ಟ್ರಿಗರ್ ಅನ್ನು ಮೂರನೇ ಒಂದು ಭಾಗಕ್ಕೆ ಹಿಡಿದರೆ ಸಾವಿರದ ಆಸುಪಾಸು, ಅದು ಸರಿಯಾದ ವೇಗ. ಆ್ಯಂಗಲ್ ಗ್ರೈಂಡರ್‌ಗೆ ಇದನ್ನು ಸಿಕ್ಕಿಸುವ ಯೋಚನೆಯೂ ಬೇಡ. ಅದು ಹತ್ತು ಸಾವಿರ ಸುತ್ತು ಮೀರುತ್ತದೆ, ಫೋಮ್ ಚಿಂದಿಯಾಗಿ ಮುಖಕ್ಕೆ ಹಾರುತ್ತದೆ. ಕೆಲಸ ಶುರುವಿಗೆ ಮುಂಚೆ ದುಪಟ್ಟಾ ತೆಗೆದಿಡಿ, ಬಳೆ ತೆಗೆದಿಡಿ, ಜಡೆ ಮೇಲೆತ್ತಿ ಕಟ್ಟಿ. ಕನ್ನಡಕ ಹಾಕಿ. ತಿರುಗುವ ಯಂತ್ರ ಯಾರನ್ನೂ ನೋಡುವುದಿಲ್ಲ.

ಕೋನ್‌ನ ಗುಣ ಏನೆಂದರೆ ಅದು ಇಕ್ಕಟ್ಟಿಗೆ ತಕ್ಕಂತೆ ಕುಗ್ಗುತ್ತದೆ. ಎರಡು ಸ್ಪೋಕ್‌ಗಳ ನಡುವೆ, ನಟ್‌ನ ಗುಂಡಿಯ ಸುತ್ತ, ಕೈಬೆರಳಿಗೆ ಬಟ್ಟೆ ಸುತ್ತಿ ತಿಕ್ಕಿದರೂ ತಲುಪದ ಜಾಗಕ್ಕೆ ಅದರ ತುದಿ ಹೋಗಿ ಕೂರುತ್ತದೆ. ಫೋಮ್ ಅನ್ನು ಸ್ವಲ್ಪ ಒದ್ದೆ ಮಾಡಿ ಹಿಂಡಿ, ಕಡಲೆಕಾಳಿನಷ್ಟು ಪೇಸ್ಟ್ ಹಚ್ಚಿ, ವೀಲ್‌ಗೆ ತಾಗಿಸಿ, ಆಮೇಲೆ ಟ್ರಿಗರ್ ಒತ್ತಬೇಕು. ಗಾಳಿಯಲ್ಲಿ ಒತ್ತಿದರೆ ಪೇಸ್ಟ್ ಗೋಡೆಗೆ, ಸೀರೆಗೆ, ಎಲ್ಲದಕ್ಕೂ ಸಿಡಿಯುತ್ತದೆ. ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಿರಬೇಕು. ಮೊದಲು ಕಪ್ಪು ಕೆಸರು ಏಳುತ್ತದೆ, ಅದು ತೆಳುವಾಗುತ್ತ ಬಂದು ಅಡಿಯಿಂದ ಬೆಳ್ಳಿಯ ಹೊಳಪು ಮೂಡುತ್ತದೆ. ಆ ಕ್ಷಣ ನನಗೆ ತುಂಬಾ ಇಷ್ಟ. ವರ್ಷಗಟ್ಟಲೆ ಬೂದು ಬಣ್ಣಕ್ಕಿದ್ದ ಸ್ಪೋಕ್‌ನಲ್ಲಿ ನನ್ನ ಬೆರಳಿನ ನೆರಳು ಕಂಡಾಗ ಅಪ್ಪನನ್ನು ಕೂಗಿ ಕರೆದು ತೋರಿಸಿದೆ.

ಚೆಂಡು ಅಗಲವಾದ ತಗ್ಗಿಗೆ, ರಿಮ್‌ನ ಒಳಬಾಯಿಗೆ ಚೆನ್ನಾಗಿ ಹೊಂದುತ್ತದೆ. ಅಣಬೆ ಅಂಚಿಗೆ ಆಗುತ್ತದೆ, ಆದರೆ ಅಂಚನ್ನು ಕೈಯಲ್ಲೇ ಬಟ್ಟೆ ಹಿಡಿದು ಮಾಡಿದರೂ ಅಷ್ಟೇ ಹೊತ್ತು. ಡಿಸ್ಕ್‌ನ ಫೋಮ್ ಮತ್ತು ಪ್ಲಾಸ್ಟಿಕ್ ತಳದ ನಡುವಿನ ಅಂಟು ಬಿಸಿಗೆ ಬಿಟ್ಟು, ಫೋಮ್ ಒಂದು ಕಡೆ, ತಳ ಒಂದು ಕಡೆ ಆಯಿತು. ತಳದ ಗಟ್ಟಿ ಪ್ಲಾಸ್ಟಿಕ್ ಸ್ಪೋಕ್‌ಗೆ ತಾಗಿದ್ದರೆ ಗೀರು ಖಂಡಿತ. ಕೋನ್ ಮತ್ತು ಚೆಂಡಿನಲ್ಲಿ ಡ್ರಿಲ್‌ಗೆ ಸಿಕ್ಕಿಸುವ ಕಡ್ಡಿ ಫೋಮ್‌ನ ಒಳಗೇ ಆಳಕ್ಕೆ ಇಳಿದಿರುವುದರಿಂದ ಆ ತೊಂದರೆ ಇಲ್ಲ.

ಇನ್ನೊಂದು ಕೊರತೆ, ಕಡ್ಡಿ ಗಿಡ್ಡ. ಆಳವಾದ ವೀಲ್‌ನಲ್ಲಿ ಕೋನ್ ಒಳಗೆ ಹೋದಂತೆ ಡ್ರಿಲ್‌ನ ಉಕ್ಕಿನ ಚಕ್ ಸ್ಪೋಕ್‌ಗೆ ಬಡಿಯುವಷ್ಟು ಹತ್ತಿರ ಬರುತ್ತದೆ. ಕಾಲಿಂಚಿನ ಹೆಕ್ಸ್ (ಆರು ಮೂಲೆಯ) ಕಡ್ಡಿಗೆ ಹೊಂದುವ ಎಕ್ಸ್‌ಟೆನ್ಷನ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಇಲ್ಲವೆಂದರೆ ಚಕ್‌ನಿಂದ ದೂರ ಉಳಿಯುವಷ್ಟೇ ಆಳಕ್ಕೆ ಹೋಗಿ ಉಳಿದದ್ದನ್ನು ಕೈಯಲ್ಲಿ ಮಾಡಿ. ವೀಲ್ ಒಳಗೆ ಅಂಟಿಸಿದ ಬ್ಯಾಲೆನ್ಸಿಂಗ್ ತೂಕದ ಹತ್ತಿರ ಕೋನ್ ಒಯ್ಯಬೇಡಿ. ಅದರ ಚೂಪು ಮೂಲೆ ಫೋಮ್ ಹರಿಯುತ್ತದೆ, ತೂಕ ಕಿತ್ತುಬಂದರೆ ಸ್ಟಿಯರಿಂಗ್ ನಡುಗಲು ಶುರು.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ: ವೀಲ್ ಕಾರಿನಲ್ಲೇ ಇದ್ದಾಗ ಮಾಡುವುದಾದರೆ ವೀಲ್‌ನ ಹಿಂಬದಿಗೆ ಇರುವ ಬ್ರೇಕ್ ಡಿಸ್ಕ್ ಅನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ, ಕೆಲಸ ಮುಗಿದ ಮೇಲೆ ಮರೆಯದೆ ತೆಗೆಯಿರಿ. ಪಾಲಿಶ್‌ನಲ್ಲಿ ಎಣ್ಣೆ ಇರುತ್ತದೆ, ಅದು ಡಿಸ್ಕ್ ಅಥವಾ ಪ್ಯಾಡ್‌ಗೆ ಹತ್ತಿದರೆ ಬ್ರೇಕ್ ಹಿಡಿಯುವ ಶಕ್ತಿ ಕುಂದುತ್ತದೆ. ಅದಿರು ಲಾರಿಯ ಹಿಂದೆ ಇರುವಾಗ ಇದು ಆಟದ ವಿಷಯವಲ್ಲ. ವೀಲ್ ಬಿಚ್ಚಿ ಮಾಡುವವರು ಜಾಕಿಯೊಂದನ್ನೇ ನಂಬದೆ ಸ್ಟ್ಯಾಂಡ್ ಕೊಡಿ.

ಫುಟ್‌ಪಾತ್‌ಗೆ ಉಜ್ಜಿ ಕಿತ್ತುಹೋದ ಅಂಚು, ಹುಳುಕು ಬಿದ್ದ ಗುಳಿ, ಇವು ಫೋಮ್‌ಗೆ ಸರಿಹೋಗುವುದಿಲ್ಲ, ಮೊದಲು ನೀರು ಹಾಕಿ ಉಜ್ಜುವ ಮರಳುಕಾಗದ ಬೇಕು. ತಮ್ಮನ ಡೈಮಂಡ್ ಕಟ್ ವೀಲ್‌ಗಳಲ್ಲಿ ಬದಲಾವಣೆ ಇಷ್ಟೇ ಇಷ್ಟು: ಮಸುಕು ಹೋಯಿತು, ಸುಣ್ಣದ ಕಲೆ ತಿಳಿಯಾಯಿತು. ಅಷ್ಟಕ್ಕೆ ಕೈಪಾಲಿಶ್ ಸಾಕು, ಹೊಸ ಕಾರಿನವರು ಈ ಸೆಟ್‌ಗೆ ದುಡ್ಡು ಹಾಕಬೇಕಿಲ್ಲ.

ಬರಿಯ ಅಲ್ಯೂಮಿನಿಯಂ ಪಾಲಿಶ್ ಆದ ಮೇಲೆ ಸೀಲಂಟ್ (ಲೋಹವನ್ನು ಕಾಯುವ ತೆಳು ಲೇಪ) ಹಚ್ಚದೆ ಬಿಟ್ಟರೆ ನಮ್ಮ ದಾರಿಯಲ್ಲಿ ಹೊಳಪು ಬೇಗ ಮಂಕಾಗುತ್ತದೆ. ಹಚ್ಚಿದ ಮೇಲೆ ಕೆಂಪು ಧೂಳು ಬರೀ ನೀರಿಗೇ ಜಾರುತ್ತದೆ, ಅದು ದೊಡ್ಡ ಉಪಕಾರ. ಆಯುಧಪೂಜೆಯಲ್ಲಿ ಟೈರಿನ ಅಡಿ ನಿಂಬೆಹಣ್ಣು ಇಟ್ಟು ಕಾರು ಹತ್ತಿಸುತ್ತೇವಲ್ಲ, ಆ ರಸ ರಿಮ್‌ಗೆ ಸಿಡಿದಿದ್ದರೆ ಪೂಜೆ ಮುಗಿದ ಕೂಡಲೇ ಒಂದು ಚೊಂಬು ನೀರು ಹಾಕಿ. ಸಿಟ್ರಿಕ್ ಆಮ್ಲ ಹಾಗೇ ಆರಿದರೆ ಬಿಳಿ ಚುಕ್ಕೆ ಉಳಿಯುತ್ತದೆ.

ಫೋಮ್ ಅನ್ನು ಪಾತ್ರೆ ತೊಳೆಯುವ ಸೋಪಿನಲ್ಲಿ ಹಿಸುಕಿ ತೊಳೆದು, ನೆರಳಲ್ಲಿ ಕಡ್ಡಿ ಮೇಲೆ ಮಾಡಿ ಒಣಗಿಸಿ, ಜಿಪ್ ಚೀಲದಲ್ಲಿ ಮುಚ್ಚಿಡಿ. ಕಪಾಟಿನಲ್ಲಿ ಬಿಚ್ಚಿಟ್ಟರೆ ನಮ್ಮೂರ ಧೂಳು ಅಲ್ಲಿಗೂ ಬರುತ್ತದೆ. ಕೋನ್ ಬಿಡಿಯಾಗಿ ಸಿಕ್ಕರೆ ಪೂರ್ತಿ ಸೆಟ್ ಬಿಟ್ಟು ಎರಡು ಕೋನ್ ಕೊಳ್ಳಿ, ಒಂದು ಪೇಸ್ಟ್‌ಗೆ, ಇನ್ನೊಂದು ಕೊನೆಯ ಮೆರುಗಿಗೆ, ಎರಡನ್ನೂ ಬೇರೆ ಬೇರೆ ಚೀಲದಲ್ಲಿ ಹೆಸರು ಬರೆದಿಡಿ.