ಸ್ವಿಫ್ಟ್‌ಗೆ ಹೊರಗಿನಿಂದ ಹಾಕಿಸಿದ ಕ್ಸೆನಾನ್ ಹೆಡ್‌ಲೈಟ್: ಕೆಲವು ಮಳೆಗಾಲ ಕಳೆದ ಮೇಲಿನ ಮಾತು

ನನ್ನದು 2014ರ ಮಾದರಿಯ ಡೀಸೆಲ್ ಸ್ವಿಫ್ಟ್. ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡಾಗ, ಹಿಂದಿನ ಮಾಲೀಕರು ಕಂಪನಿಯ ಹ್ಯಾಲೊಜನ್ ಬಲ್ಬ್ ತೆಗೆಸಿ ಅದೇ ಜಾಗದಲ್ಲಿ ಎಚ್-4 ಮಾದರಿಯ ಎಚ್‌ಐಡಿ ಕಿಟ್, ಅಂದರೆ ಕ್ಸೆನಾನ್ ಬಲ್ಬಿನ ಕಿಟ್, ಹಾಕಿಸಿದ್ದರು. ಆ ಕಿಟ್ ಇದ್ದಂತೆಯೇ ಕೆಲವು ತಿಂಗಳು ಓಡಿಸಿದೆ. ಅನಂತರ ಅದನ್ನು ತೆಗೆಸಿ ಸ್ವಲ್ಪ ಕಾಲ ಮಾಮೂಲು ಹ್ಯಾಲೊಜನ್‌ನಲ್ಲಿ ಓಡಾಡಿ, ಕೊನೆಗೆ ಹೆಡ್‌ಲೈಟಿನೊಳಗೆ ಡಿ2ಎಸ್ ಎಂಬ ಕ್ಸೆನಾನ್ ಬಲ್ಬಿನ ಬೈ-ಕ್ಸೆನಾನ್ ಪ್ರೊಜೆಕ್ಟರ್ (ಒಂದೇ ಬಲ್ಬಿನಿಂದ ಲೋ ಮತ್ತು ಹೈ ಬೀಮ್ ಎರಡನ್ನೂ ಲೆನ್ಸ್ ಮೂಲಕ ಕೊಡುವ ಘಟಕ) ಕೂರಿಸಿದೆ. ಹೀಗಾಗಿ ಒಂದೇ ಕಾರಿನಲ್ಲಿ, ಹೆಚ್ಚುಕಡಿಮೆ ಒಂದೇ ರಸ್ತೆಗಳಲ್ಲಿ, ಮೂರು ಬಗೆಯ ಬೆಳಕನ್ನು ಹೋಲಿಸಿ ನೋಡಲು ಸಾಧ್ಯವಾಯಿತು. ನನ್ನ ರಾತ್ರಿ ಪ್ರಯಾಣ ಬಹುಪಾಲು ಹಾಸನ, ಸಕಲೇಶಪುರದ ಮೂಲಕ ಶಿರಾಡಿ ಘಾಟಿ ಇಳಿದು ಮಂಗಳೂರು ಸೇರುವ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ನಡೆಯುತ್ತದೆ. ಆಗಾಗ ಚಾರ್ಮಾಡಿ ಘಾಟಿ ಮತ್ತು ಮಂಡ್ಯ, ಮದ್ದೂರು ಕಡೆಯ ಒಳರಸ್ತೆಗಳೂ ಇರುತ್ತವೆ.

ಕ್ಸೆನಾನ್ ಬಲ್ಬಿನಲ್ಲಿ ಫಿಲಮೆಂಟ್ ಇರುವುದಿಲ್ಲ. ಕ್ಸೆನಾನ್ ಅನಿಲ ಮತ್ತು ಲೋಹದ ಲವಣಗಳಿರುವ ಪುಟ್ಟ ಗಾಜಿನ ಗೂಡಿನೊಳಗೆ ಎರಡು ವಿದ್ಯುದ್ವಾರಗಳ ನಡುವೆ ಕಿಡಿ ಹೊತ್ತಿಸಿ, ಅದನ್ನು ಆರದಂತೆ ಕಾಯುವ ಕೆಲಸ ಬಲಾಸ್ಟ್ ಎಂಬ ವಿದ್ಯುತ್ ನಿಯಂತ್ರಕದ್ದು. ಹೊತ್ತಿಸಲು 20,000 ವೋಲ್ಟ್‌ಗೂ ಹೆಚ್ಚು ಬೇಕು. ಹೊತ್ತಿದ ಮೇಲೆ ಡಿ2ಎಸ್ ಬಲ್ಬ್ ಸುಮಾರು 85 ವೋಲ್ಟ್‌ನಲ್ಲಿ, 35 ವ್ಯಾಟ್ ಮಾತ್ರ ಬಳಸಿ ಉರಿಯುತ್ತದೆ. 55 ವ್ಯಾಟ್ ನುಂಗುವ ಎಚ್-4 ಹ್ಯಾಲೊಜನ್‌ನ ಲೋ ಬೀಮ್ ಸುಮಾರು 1,000 ಲ್ಯೂಮೆನ್ (ಹೊರಡುವ ಬೆಳಕಿನ ಅಳತೆ) ಕೊಟ್ಟರೆ, ಡಿ2ಎಸ್ ಸುಮಾರು 3,200 ಲ್ಯೂಮೆನ್ ಕೊಡುತ್ತದೆ. 1991ರಲ್ಲಿ ಬಿಎಂಡಬ್ಲ್ಯು 7 ಸರಣಿಯ ಕಾರುಗಳಲ್ಲಿ ಮೊದಲು ಬಂದ ಈ ದೀಪ ಜನಪ್ರಿಯವಾದದ್ದಕ್ಕೆ ಈ ಲೆಕ್ಕವೇ ಸಾಕು. ಅಂಗಡಿಯವರು ಕಿಟ್ ಮಾರುವಾಗ ಒಪ್ಪಿಸುವುದೂ ಇದೇ ಲೆಕ್ಕವನ್ನು. ಆದರೆ ರಸ್ತೆಯಲ್ಲಿ ಕಣ್ಣಿಗೆ ಕಾಣಿಸುವುದು ಬಲ್ಬ್ ಹೊರಡಿಸುವ ಬೆಳಕಲ್ಲ, ರಿಫ್ಲೆಕ್ಟರ್ ಅಥವಾ ಲೆನ್ಸ್ ಅದನ್ನು ಎಲ್ಲಿಗೆ ಕಳಿಸುತ್ತದೆಯೋ ಅಲ್ಲಿ ಬಿದ್ದ ಬೆಳಕು ಮಾತ್ರ.

ಹಿಂದಿನ ಮಾಲೀಕರ ಕಿಟ್‌ನಲ್ಲಿ ನಾನು ಕಂಡದ್ದು ಇದನ್ನೇ. ಎಚ್-4 ಹ್ಯಾಲೊಜನ್ ಬಲ್ಬನ್ನು ಕೈಯಲ್ಲಿ ಹಿಡಿದು ನೋಡಿದರೆ, ಲೋ ಬೀಮ್ ಫಿಲಮೆಂಟಿನ ಕೆಳಗೆ ಚಮಚದಂಥ ಸಣ್ಣ ಲೋಹದ ಬಟ್ಟಲು ಕಾಣುತ್ತದೆ. ಬೆಳಕು ರಿಫ್ಲೆಕ್ಟರಿನ ಮೇಲರ್ಧಕ್ಕೆ ಮಾತ್ರ ಬಿದ್ದು ರಸ್ತೆಯ ಕಡೆಗೆ ಇಳಿಯುವಂತೆ ಮಾಡುವುದು ಆ ಬಟ್ಟಲೇ. ಸ್ವಿಫ್ಟ್‌ನ ರಿಫ್ಲೆಕ್ಟರಿನ ಒಂದೊಂದು ಮುಖವನ್ನೂ ಆ ಫಿಲಮೆಂಟ್ ಇರುವ ಜಾಗವನ್ನು, ಮಿಲಿಮೀಟರ್ ಲೆಕ್ಕದಲ್ಲಿ, ಗಮನದಲ್ಲಿಟ್ಟುಕೊಂಡು ರೂಪಿಸಿರುತ್ತಾರೆ. ಎಚ್‌ಐಡಿ ಕಿಟ್‌ನ ಬಲ್ಬಿನಲ್ಲಿ ಕಿಡಿಯ ಆಕಾರ, ಉದ್ದ, ಕೂರುವ ಸ್ಥಾನ ಎಲ್ಲವೂ ಬೇರೆ; ಹೊರಗಿನ ತಗಡಿನ ಮುಸುಕು ಬೆಳಕನ್ನು ಅರೆಬರೆಯಾಗಿ ಮಾತ್ರ ತಡೆಯುತ್ತದೆ. ಪರಿಣಾಮವಾಗಿ ನನ್ನ ಕಾರಿನ ಮುಂದಿನ ಹತ್ತು ಹದಿನೈದು ಮೀಟರ್ ರಸ್ತೆ ಹಗಲಿನಂತೆ ಬೆಳಗುತ್ತಿತ್ತು, ಮರದ ಕೊಂಬೆಗಳೂ ಬೆಳಗುತ್ತಿದ್ದವು, ಎದುರಿನವರ ಕಣ್ಣಂತೂ ಹೇಳುವುದೇ ಬೇಡ. ಆದರೆ ನಿಜವಾಗಿ ಬೆಳಕು ಬೇಕಾದ ಐವತ್ತು ಅರವತ್ತು ಮೀಟರ್ ದೂರದಲ್ಲಿ ಹ್ಯಾಲೊಜನ್‌ಗಿಂತ ಹೆಚ್ಚೇನೂ ಕಾಣುತ್ತಿರಲಿಲ್ಲ. ಹತ್ತಿರದ ರಸ್ತೆ ಅತಿಯಾಗಿ ಬೆಳಗಿದರೆ ಕಣ್ಣಿನ ಪಾಪೆ ಕಿರಿದಾಗಿ ದೂರದ ಕತ್ತಲು ಇನ್ನಷ್ಟು ಕಪ್ಪಾಗುತ್ತದೆ. ಲೋ ಬೀಮ್‌ನಲ್ಲೇ ಹೋಗುತ್ತಿದ್ದರೂ ಎದುರಿನ ಲಾರಿಗಳು ಒಂದರ ಹಿಂದೊಂದು ಹೈ ಬೀಮ್ ಹೊಡೆದು ಬೈಯುತ್ತಿದ್ದವು, ಮತ್ತು ಆ ಬೈಗುಳದಲ್ಲಿ ನ್ಯಾಯವಿತ್ತು. ಇಂಥ ಕಿಟ್‌ಗಳ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ರಿಫ್ಲೆಕ್ಟರ್ ಹೆಡ್‌ಲೈಟಿಗೆ ಅವನ್ನು ಹಾಕಿಸಲೇಬಾರದು, ಬೆಲೆ ಎಷ್ಟೇ ಕಡಿಮೆಯಿದ್ದರೂ.

ಪ್ರೊಜೆಕ್ಟರ್ ಕೂರಿಸುವುದು ಇದಕ್ಕಿಂತ ದೊಡ್ಡ ಕೆಲಸ. ಮುಂದಿನ ಬಂಪರ್ ಬಿಚ್ಚಿ ಹೆಡ್‌ಲೈಟನ್ನು ಹೊರತೆಗೆದು, ಮುಂಭಾಗದ ಪಾಲಿಕಾರ್ಬೊನೇಟ್ ಗಾಜನ್ನು ಅಂಟಿಸಿರುವ ಬ್ಯುಟೈಲ್ ಅಂಟು ಮೆತ್ತಗಾಗುವವರೆಗೆ ಬಿಸಿ ಮಾಡಿ, ಅವಸರವಿಲ್ಲದೆ ಬಿಡಿಸಬೇಕು. ಬಳಿಕ ರಿಫ್ಲೆಕ್ಟರಿನ ಬಲ್ಬಿನ ರಂಧ್ರವನ್ನು ಹಿಗ್ಗಿಸಿ, ಎರಡೂವರೆ ಇಂಚಿನ ಪ್ರೊಜೆಕ್ಟರನ್ನು ಓರೆಯಾಗದಂತೆ ನೆಟ್ಟಗೆ ಬಿಗಿದು, ಮತ್ತೆ ಹೊಸ ಬ್ಯುಟೈಲ್ ಹಾಕಿ ಮುಚ್ಚಬೇಕು. ಪ್ರೊಜೆಕ್ಟರ್ ರಿಫ್ಲೆಕ್ಟರಿಗೇ ಅಂಟಿಕೊಂಡಿರುವುದರಿಂದ, ಕಾರಿನೊಳಗಿನಿಂದ ಬೀಮ್ ಏರಿಸಿ ಇಳಿಸುವ ಗುಂಡಿ ಮೊದಲಿನಂತೆಯೇ ಕೆಲಸ ಮಾಡುತ್ತದೆ. ವಿದ್ಯುತ್ತನ್ನು ಹೆಡ್‌ಲೈಟಿನ ಹಳೆಯ ವೈರಿನಿಂದ ಎಳೆಯದೆ, ಬ್ಯಾಟರಿಯಿಂದ ನೇರವಾಗಿ, ಫ್ಯೂಸ್ ಮತ್ತು ರಿಲೇ ಇರುವ ಪ್ರತ್ಯೇಕ ವೈರಿಂಗ್ ಮೂಲಕ ಕೊಡಿಸಿದೆ. ಬಲಾಸ್ಟ್ ಹೊತ್ತುವ ಕ್ಷಣದಲ್ಲಿ ಎಳೆಯುವ ಕರೆಂಟು ಉರಿಯುವಾಗಿನದಕ್ಕಿಂತ ಬಹಳ ಹೆಚ್ಚಿರುವುದರಿಂದ ಇದು ಅನಿವಾರ್ಯ.

ಖರೀದಿಸುವಾಗ ಯಾರೂ ತಾವಾಗಿ ಹೇಳದ ಒಂದು ಸಂಗತಿಯಿದೆ. ಪ್ರೊಜೆಕ್ಟರಿನೊಳಗೆ ಬೆಳಕಿನ ಮೇಲಂಚನ್ನು ಕತ್ತರಿಸುವ ಲೋಹದ ಪಟ್ಟಿಯೊಂದು ಇರುತ್ತದೆ; ಅದರಿಂದ ಬೆಳಕಿಗೂ ಮೇಲಿನ ಕತ್ತಲಿಗೂ ನಡುವೆ ಸ್ಪಷ್ಟ ಗೆರೆ ಮೂಡುತ್ತದೆ. ನಾವು ಎಡಬದಿಯಲ್ಲಿ ವಾಹನ ಓಡಿಸುವುದರಿಂದ ಆ ಗೆರೆ ಬಲಕ್ಕೆ ಸಮವಾಗಿದ್ದು ಎಡಕ್ಕೆ ಮೇಲೇರಬೇಕು. ಆಗ ಎಡಗಡೆಯ ರಸ್ತೆಯಂಚು, ನಡೆದುಹೋಗುವವರು, ಮೈಲಿಗಲ್ಲು ಎಲ್ಲವೂ ದೂರದಿಂದಲೇ ಕಾಣುತ್ತವೆ, ಎದುರಿನವರ ಕಣ್ಣಿಗೂ ತೊಂದರೆಯಿಲ್ಲ. ಯುರೋಪ್ ಅಥವಾ ಅಮೆರಿಕದ ರಸ್ತೆಗೆಂದು ಮಾಡಿದ ಪ್ರೊಜೆಕ್ಟರಿನಲ್ಲಿ ಗೆರೆ ಬಲಕ್ಕೆ ಏರುತ್ತದೆ, ಅಂದರೆ ನೇರವಾಗಿ ಎದುರಿನ ವಾಹನದ ಚಾಲಕನ ಮುಖಕ್ಕೆ. ನಾನು ವಿಚಾರಿಸಿದ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಎರಡೂ ಬಗೆಯ ಪೆಟ್ಟಿಗೆಗಳು ಪಕ್ಕಪಕ್ಕದಲ್ಲೇ ಇದ್ದವು. ಹಣ ಕೊಡುವ ಮೊದಲು ಗೋಡೆಯ ಮೇಲೆ ಬೆಳಕು ಹಾಯಿಸಿ ನೋಡಿಯೇ ತೆಗೆದುಕೊಳ್ಳಬೇಕು.

ಕೆಲಸ ಮಾಡಿದ ಅಂಗಡಿಯವರು ಬೀಮ್ ಹೊಂದಿಸಿಕೊಡದೆ, ಕಣ್ಣಳತೆಯಲ್ಲೇ ಸರಿಯಾಗಿದೆ ಎಂದು ಕಾರನ್ನು ಕೊಟ್ಟರು. ಮನೆಗೆ ಬಂದು ನೋಡಿದರೆ ಬಲಗಡೆಯ ದೀಪ ಎಡಗಡೆಯದಕ್ಕಿಂತ ಒಂದು ಗೇಣು ಮೇಲಿತ್ತು. ಸಮತಟ್ಟಾದ ಜಾಗದಲ್ಲಿ, ಟಯರಿನ ಗಾಳಿ ಸರಿಯಿದ್ದು ಚಾಲಕನ ಸೀಟಿನಲ್ಲಿ ಒಬ್ಬರು ಕೂತಿರುವಾಗ, ಗೋಡೆಯಿಂದ 10 ಮೀಟರ್ ದೂರದಲ್ಲಿ ಕಾರು ನಿಲ್ಲಿಸಿ ನಾನೇ ಹೊಂದಿಸಿದೆ. ನನ್ನ ಕಾರಿನ ಲೆನ್ಸ್‌ನ ಮಧ್ಯಭಾಗ ನೆಲದಿಂದ ಸುಮಾರು 70 ಸೆಂಟಿಮೀಟರ್ ಎತ್ತರದಲ್ಲಿದೆ; ಶೇಕಡಾ 1ರ ಇಳಿಜಾರಿನ ಲೆಕ್ಕದಲ್ಲಿ ಗೋಡೆಯ ಮೇಲಿನ ಗೆರೆ 60 ಸೆಂಟಿಮೀಟರ್ ಎತ್ತರದಲ್ಲಿ ಬೀಳಬೇಕು. ಹಾಗೆ ಇಟ್ಟರೆ ಲೋ ಬೀಮ್ ಸುಮಾರು 70 ಮೀಟರ್ ದೂರದಲ್ಲಿ ರಸ್ತೆಯನ್ನು ಮುಟ್ಟುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಆ ದೂರ ಮೂರು ಸೆಕೆಂಡಿಗಿಂತ ಸ್ವಲ್ಪ ಹೆಚ್ಚಿನ ಹಾದಿಯಷ್ಟೇ ಎಂಬುದನ್ನು, ಇಷ್ಟು ಬೆಳಕಿದೆಯೆಂದು ವೇಗ ಹೆಚ್ಚಿಸುವವರು ಗಮನಿಸಬೇಕು. ಹಿಂದಿನ ಸೀಟಿನಲ್ಲಿ ಮೂವರು ಕೂತು ಡಿಕ್ಕಿಯಲ್ಲಿ ಸಾಮಾನು ತುಂಬಿದಾಗ ಕಾರಿನ ಹಿಂಭಾಗ ಕುಸಿದು ಬೀಮ್ ಮೇಲೇಳುತ್ತದೆ. ಆಗ ಗುಂಡಿಯನ್ನು ತಿರುಗಿಸಿ ಇಳಿಸಲೇಬೇಕು. ಯುರೋಪಿನ ನಿಯಮಗಳು 2,000 ಲ್ಯೂಮೆನ್‌ಗಿಂತ ಹೆಚ್ಚು ಬೆಳಕಿನ ದೀಪಗಳಿಗೆ ತಾನಾಗಿ ಹೊಂದಿಕೊಳ್ಳುವ ಲೆವೆಲಿಂಗ್ ಮತ್ತು ಗಾಜು ತೊಳೆಯುವ ವ್ಯವಸ್ಥೆ ಎರಡನ್ನೂ ಕಡ್ಡಾಯ ಮಾಡಿರುವುದು ಇದೇ ಕಾರಣಕ್ಕೆ. ಹೊರಗಿನಿಂದ ಹಾಕಿಸಿದ ದೀಪದಲ್ಲಿ ಇವೆರಡೂ ಇರುವುದಿಲ್ಲವಾದ್ದರಿಂದ ಆ ಹೊಣೆ ಓಡಿಸುವವರ ಮೇಲೆಯೇ ಬೀಳುತ್ತದೆ. ಕೆಸರು ಮೆತ್ತಿದ ಗಾಜು ಬೆಳಕನ್ನು ನಾಲ್ಕೂ ಕಡೆಗೆ ಚೆದುರಿಸುವುದರಿಂದ, ಮಳೆಗಾಲದಲ್ಲಿ ಟೀ ಕುಡಿಯಲು ನಿಂತಾಗಲೆಲ್ಲ ಅದನ್ನು ಒರೆಸುವುದು ನನಗೆ ರೂಢಿಯಾಗಿದೆ.

ಇಷ್ಟೆಲ್ಲ ಆದ ಮೇಲೆ ಸಿಕ್ಕ ಬೆಳಕು ಮಾತ್ರ ನಿಜಕ್ಕೂ ಅತ್ಯುತ್ತಮವಾದುದು. ಘಾಟಿಯ ತಿರುವುಗಳಲ್ಲಿ ಇದರ ಅಗಲ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಹ್ಯಾಲೊಜನ್‌ನಲ್ಲಿ ಸ್ಟಿಯರಿಂಗ್ ತಿರುಗಿಸಿದ ಮೇಲೆ ಕಾಣುತ್ತಿದ್ದ ತಿರುವಿನ ಒಳಮೈ, ಚರಂಡಿ, ತಡೆಗೋಡೆ ಎಲ್ಲವೂ ಈಗ ಮೊದಲೇ ಕಾಣುತ್ತವೆ. ಆದರೆ ಗೆರೆಯ ಮೇಲೆ ಬೆಳಕೇ ಇಲ್ಲದಿರುವುದು ಕೆಲವೆಡೆ ತೊಂದರೆಯೂ ಹೌದು. ಮಂಡ್ಯದ ಕಡೆ ಕಬ್ಬು ಕಟಾವಿನ ಕಾಲದಲ್ಲಿ, ಹಿಂದೆ ದೀಪವೂ ರಿಫ್ಲೆಕ್ಟರ್ ಪಟ್ಟಿಯೂ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗಳು ಮತ್ತು ಎತ್ತಿನ ಗಾಡಿಗಳು ಎದುರಾಗುತ್ತವೆ. ಲೋ ಬೀಮ್‌ನಲ್ಲಿ ಮೊದಲು ಕಾಣುವುದು ಗಾಲಿ ಮಾತ್ರ. ಹಿಂದಕ್ಕೆ ಚಾಚಿಕೊಂಡ ಕಬ್ಬಿನ ತುದಿ ಗೆರೆಯ ಮೇಲಿನ ಕತ್ತಲಲ್ಲೇ ಉಳಿಯುತ್ತದೆ. ಇಂಥ ರಸ್ತೆಯಲ್ಲಿ ಹ್ಯಾಲೊಜನ್ ರಿಫ್ಲೆಕ್ಟರಿನಿಂದ ಮೇಲಕ್ಕೆ ಸೋರುವ ಅಷ್ಟಿಷ್ಟು ಬೆಳಕೇ ಒಳ್ಳೆಯದೆಂದು ನನಗೆ ಅನ್ನಿಸಿದ್ದಿದೆ. ರಸ್ತೆಯುಬ್ಬು ದಾಟುವಾಗ ಗೆರೆ ಮೇಲೆ ಕೆಳಗೆ ಜಿಗಿಯುವುದನ್ನು ಎದುರಿನವರು ಡಿಪ್ಪರ್ ಎಂದೇ ತಿಳಿದು ಪ್ರತಿಯಾಗಿ ಹೊಡೆಯುವುದೂ ಉಂಟು.

ಡಿಪ್ಪರ್ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಲಾರಿಗಳ ಬೆನ್ನ ಮೇಲೆ ‘ಯೂಸ್ ಡಿಪ್ಪರ್ ಅಟ್ ನೈಟ್’ ಎಂದು ಬರೆಸಿರುವ ನಮ್ಮ ರಸ್ತೆಗಳಲ್ಲಿ ಅದೊಂದು ಭಾಷೆಯೇ ಸರಿ. ದೀಪ ಆಗಲೇ ಉರಿಯುತ್ತಿದ್ದರೆ ಬೈ-ಕ್ಸೆನಾನ್‌ನಲ್ಲಿ ಒಳಗಿನ ಪಟ್ಟಿಯನ್ನು ಸೊಲೆನಾಯ್ಡ್ ಕೆಳಗೆ ಎಳೆಯುವುದರಿಂದ ಹೈ ಬೀಮ್ ತಕ್ಷಣ ಸಿಗುತ್ತದೆ. ಹಗಲಿನಲ್ಲಿ ಹಾಗಲ್ಲ, ಆರಿರುವ ಬಲ್ಬ್ ಪೂರ್ಣ ಬೆಳಕಿಗೆ ಬರಲು ಕೆಲವು ಸೆಕೆಂಡು ಹಿಡಿಯುವುದರಿಂದ ಫ್ಲ್ಯಾಶ್ ಹೊಡೆದದ್ದು ಎದುರಿನವರಿಗೆ ಸರಿಯಾಗಿ ತಿಳಿಯುವುದೇ ಇಲ್ಲ, ಮೇಲಾಗಿ ಹೀಗೆ ಪದೇ ಪದೇ ಹೊತ್ತಿಸಿ ಆರಿಸಿದರೆ ಬಲ್ಬಿನ ಆಯುಷ್ಯ ಕುಗ್ಗುತ್ತದೆ. ಹಗಲಿನಲ್ಲಿ ನಾನು ಹಾರ್ನ್ ಮಾತ್ರ ಬಳಸುತ್ತೇನೆ.

ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ; ಅದರ ಆಯ್ಕೆಯಲ್ಲಿ 4,300 ಕೆಲ್ವಿನ್‌ಗಿಂತ ಮೇಲೆ ಹೋಗುವ ಅಗತ್ಯವಿಲ್ಲ. 6,000, 8,000 ಎಂದು ಸಂಖ್ಯೆ ಏರಿದಂತೆ ಬೆಳಕು ನೀಲಿಯಾಗುತ್ತದೆಯೇ ಹೊರತು ಹೆಚ್ಚಾಗುವುದಿಲ್ಲ, ಬದಲಿಗೆ ಕಡಿಮೆಯಾಗುತ್ತದೆ. ಜುಲೈ ತಿಂಗಳ ಶಿರಾಡಿಯಲ್ಲಿ ಒದ್ದೆಯಾದ ಡಾಂಬರು ಬೆಳಕನ್ನು ಮುಂದಕ್ಕೆ ಜಾರಿಸಿಬಿಡುವುದರಿಂದ ಯಾವ ದೀಪವೂ ಒಣ ರಸ್ತೆಯಲ್ಲಿ ಕಂಡಷ್ಟು ಚೆನ್ನಾಗಿ ಕಾಣಿಸುವುದಿಲ್ಲ. ಕ್ಸೆನಾನ್ ಇದಕ್ಕೆ ಹೊರತಲ್ಲ. ಚಾರ್ಮಾಡಿಯ ಮಂಜಿನಲ್ಲಂತೂ ಬಂಪರಿನ ಕೆಳಗಿರುವ ಹ್ಯಾಲೊಜನ್ ಫಾಗ್ ಲ್ಯಾಂಪುಗಳೇ ಗತಿ.

ದೀರ್ಘಕಾಲದ ತೊಂದರೆಗಳಲ್ಲಿ ಮೊದಲನೆಯದು ನೀರು. ಮೊದಲ ಮಳೆಗಾಲದಲ್ಲೇ ಎಡಗಡೆಯ ಗಾಜಿನ ಒಳಮೈಯಲ್ಲಿ ಬೆವರು ಕಟ್ಟಿತು. ಒಂದು ಮೂಲೆಯಲ್ಲಿ ಬ್ಯುಟೈಲ್ ಸರಿಯಾಗಿ ಕೂತಿರಲಿಲ್ಲ. ಅಂಗಡಿಯವರು ಹೊರಗಿನಿಂದ ಸಿಲಿಕೋನ್ ಬಳಿದು ಕಳಿಸಿದರು, ಅದು ನಿಲ್ಲಲಿಲ್ಲ. ಕೊನೆಗೆ ಹಾಸನದ ಪರಿಚಿತ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ಗಾಜನ್ನು ಮತ್ತೆ ಬಿಡಿಸಿ, ಹಳೆಯ ಅಂಟನ್ನು ಪೂರ್ತಿ ಕೆರೆದು, ಹೊಸದಾಗಿ ಮುಚ್ಚಿದ ಮೇಲೆ ಇಂದಿನವರೆಗೂ ಒಣಗಿದೆ. ಎರಡನೆಯದು ಬಲಾಸ್ಟ್: ಒಂದು ಬದಿಯ ದೀಪ ಮಿನುಗಿ ಆರತೊಡಗಿದಾಗ ಎರಡೂ ಬದಿಯ ಬಲ್ಬ್ ಅದಲುಬದಲು ಮಾಡಿ ನೋಡಿದೆವು, ತೊಂದರೆ ಬಲ್ಬಿನ ಜೊತೆ ಬಾರದೆ ಅದೇ ಬದಿಯಲ್ಲಿ ಉಳಿದದ್ದರಿಂದ ಬಲಾಸ್ಟೇ ಕೆಟ್ಟಿದೆ ಎಂದು ತಿಳಿಯಿತು. ಕೈ ಹಾಕುವ ಮೊದಲು ಸ್ವಿಚ್ ಆರಿಸಿ ಫ್ಯೂಸ್ ಕಳಚುವುದನ್ನು ಮರೆಯಬಾರದು, ಅಲ್ಲಿರುವುದು ಸಾವಿರಾರು ವೋಲ್ಟ್. ಬಲ್ಬಿನ ಬೆಳಕು ಗುಲಾಬಿಗೆ ತಿರುಗಿದರೆ ಅದರ ಕಾಲ ಮುಗಿಯಿತೆಂದು ಅರ್ಥ, ಮತ್ತು ಬದಲಿಸಿದರೆ ಜೋಡಿಯಾಗಿಯೇ ಬದಲಿಸಬೇಕು, ಇಲ್ಲದಿದ್ದರೆ ಎರಡು ದೀಪಗಳ ಬಣ್ಣ ಎರಡಾಗುತ್ತದೆ. ಫಿಲಿಪ್ಸ್, ಆಸ್ರಾಮ್ ಹೆಸರಿನ ನಕಲಿ ಬಲ್ಬುಗಳು ಧಾರಾಳವಾಗಿ ಸಿಗುವುದರಿಂದ ಬಿಲ್ ಇಲ್ಲದೆ ಕೊಳ್ಳುವುದು ಬೇಡ.

ಕಾನೂನಿನ ಮಾತನ್ನು ತೇಲಿಸಿ ಹೇಳುವಂತಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮದಂತೆ ಮುಂದೀಪದ ಬೆಳಕು ಎದುರಿನವರ ಕಣ್ಣು ಕೋರೈಸದಂತೆ ಕೆಳಕ್ಕೆ ಬಾಗಿರಬೇಕು. 2024ರ ಜುಲೈನಿಂದ ಕರ್ನಾಟಕದ ಪೊಲೀಸರು ಕಣ್ಣು ಕುಕ್ಕುವ ದೀಪಗಳ ವಿರುದ್ಧ ಮೋಟಾರು ವಾಹನ ಕಾಯ್ದೆಯ 177ನೇ ಕಲಂ ಅಡಿ ಪ್ರಕರಣ ದಾಖಲಿಸುವ ಅಭಿಯಾನವನ್ನೂ ಆರಂಭಿಸಿದರು. ನನ್ನ ದೀಪ ಕೋರೈಸುವುದಿಲ್ಲ, ಆದರೆ ಬಿಚ್ಚಿ ಮಾರ್ಪಡಿಸಿದ ಹೆಡ್‌ಲೈಟಿಗೆ ಕಂಪನಿಯ ಮಾನ್ಯತೆ ಉಳಿಯುವುದಿಲ್ಲ ಎಂಬುದೂ ಅಷ್ಟೇ ನಿಜ. ತಪಾಸಣೆಯಲ್ಲಿ ಪ್ರಶ್ನಿಸಿದರೆ ತೋರಿಸಲು ನನ್ನ ಬಳಿ ಯಾವ ಪ್ರಮಾಣಪತ್ರವೂ ಇಲ್ಲ.

ಪ್ರೊಜೆಕ್ಟರ್, ಬಲ್ಬ್, ಬಲಾಸ್ಟ್, ವೈರಿಂಗ್, ಕೂಲಿ ಸೇರಿ ನನಗೆ ಇಪ್ಪತ್ತು ಸಾವಿರ ರೂಪಾಯಿಗೂ ಸ್ವಲ್ಪ ಮೇಲಾಯಿತು. ಆಮೇಲಿನ ರಿಪೇರಿಯ ಖರ್ಚು ಬೇರೆ. ತಿಂಗಳಿಗೆ ಒಂದೆರಡು ರಾತ್ರಿ ಮಾತ್ರ ಓಡಿಸುವವರಿಗೆ ಇಷ್ಟು ಖರ್ಚನ್ನು ನಾನು ಸೂಚಿಸುವುದಿಲ್ಲ. ನಡುವೆ ಹ್ಯಾಲೊಜನ್‌ನಲ್ಲಿದ್ದಾಗ ಮಲ್ಟಿಮೀಟರ್ ಹಿಡಿದು ನೋಡಿದರೆ ಬ್ಯಾಟರಿಗೂ ಬಲ್ಬಿಗೂ ನಡುವೆ ಒಂದು ವೋಲ್ಟ್‌ಗಿಂತ ಹೆಚ್ಚು ಇಳಿತ ಕಂಡಿತ್ತು. ಹ್ಯಾಲೊಜನ್‌ನಲ್ಲಿ ವೋಲ್ಟೇಜ್ ಶೇಕಡಾ 10ರಷ್ಟು ಇಳಿದರೆ ಬೆಳಕು ಸುಮಾರು ಶೇಕಡಾ 30ರಷ್ಟು ಕುಗ್ಗುತ್ತದೆ. ದಪ್ಪ ವೈರಿನ ರಿಲೇ ವೈರಿಂಗ್ ಮತ್ತು ಒಳ್ಳೆಯ ಕಂಪನಿಯ 60/55 ವ್ಯಾಟ್ ಬಲ್ಬ್ ಹಾಕಿಸಿ, ಬೀಮ್ ಸರಿಯಾಗಿ ಹೊಂದಿಸಿಕೊಂಡರೆ ಕೆಲವೇ ಸಾವಿರದಲ್ಲಿ ಆ ನಷ್ಟ ಬಹುಪಾಲು ತುಂಬುತ್ತದೆ, ರಿಫ್ಲೆಕ್ಟರಿಗೂ ಕೈ ಹಾಕಬೇಕಿಲ್ಲ. ವಾರಕ್ಕೆ ಎರಡು ಸಲ ಘಾಟಿ ಹತ್ತಿ ಇಳಿಯುವವರು ಪ್ರೊಜೆಕ್ಟರ್ ಹಾಕಿಸುವುದಾದರೆ, ಕಂಪನಿಯ ಹೆಡ್‌ಲೈಟ್ ಜೋಡಿಯನ್ನು ಬಿಚ್ಚಿಸದೆ ಹಾಗೆಯೇ ಎತ್ತಿಟ್ಟು, ಗುಜರಿಯಲ್ಲಿ ಸಿಗುವ ಇನ್ನೊಂದು ಒಳ್ಳೆಯ ಜೋಡಿಯ ಮೇಲೆ ಈ ಕೆಲಸ ಮಾಡಿಸಬೇಕು. ನಾನು ಮಾಡಿಸಿದ್ದೂ ಹಾಗೆಯೇ. ಆರ್‌ಟಿಒದಲ್ಲಿ ಹದಿನೈದು ವರ್ಷದ ನೋಂದಣಿ ನವೀಕರಣಕ್ಕೆ ಹೋಗುವಾಗ ಹಾಕಲು ಮೂಲ ಜೋಡಿ ಅಟ್ಟದ ಮೇಲೆ ಪೆಟ್ಟಿಗೆಯಲ್ಲಿದೆ.